ನೋಮಾನನ ಎಡ ಸೊಂಟ

ಕ್ಯಾಂಟನ್, ಮಿಷಿಗನ್
ಮೇ 5, ಮಂಗಳವಾರ

ಪ್ರೀತಿಯ ಮುಸರ್ರತ್,

ನಿನ್ನೆಯಷ್ಟೇ ಫೋನಿನಲ್ಲಿ ಅಷ್ಟು ಹೊತ್ತು ಹರಟಿದವಳು ಇವತ್ತು ಕಾಗದ ಹಿಡಿದು ಕೂತಿದ್ದಾಳಲ್ಲ, ಇವಳಿಗೇನು ಬಂತು ಎಂದುಕೊಳ್ಳುತ್ತೀಯ. ಫೋನಿನಲ್ಲೇ ಹೇಳಬೇಕೆಂದಿದ್ದೆ ಕಣೆ, ಬಾಯಿತನಕ ಬಂದಿತ್ತು. ಅಷ್ಟರಲ್ಲಿ ನೀನು ಅಳತೊಡಗಿದೆ, ನಾನು ಸಮಾಧಾನ ಮಾಡತೊಡಗಿದೆ. ನಾನು! ಹಾಗಾಗಿ ಬರೆಯುತ್ತಿದ್ದೇನೆ. ಪೂರ್ತಿ ಓದು, ಮಧ್ಯದಲ್ಲಿ ಹರಿದುಹಾಕಬೇಡ.

ಮೊದಲು ನಿನ್ನ ಮಗಳು ಹುದಾಳ ವಿಷಯ. ನೋಮಾನನ ಸೊಂಟದ ನೋವನ್ನು ಊರಿಗೆಲ್ಲ ಹೇಳಿದವಳು ಹುದಾ ಅಲ್ಲ. ರೇಡಿಯೋದಲ್ಲಿ ಕ್ರೀಡಾ ಸುದ್ದಿಯ ಕೆಲಸ ಮಾಡುತ್ತಾಳೆ ಎಂಬ ಒಂದೇ ಕಾರಣಕ್ಕೆ ನೀವೆಲ್ಲ ಅವಳ ಮೇಲೆ ಬಿದ್ದಿರಿ. ತಮ್ಮ ನೋಮಾನ್ ಅವಳ ಜೊತೆ ಮಾತು ಬಿಟ್ಟಿದ್ದಾನೆ, ನೀನು ಮನೆ ಕಡೆ ಬರಬೇಡ ಎಂದಿದ್ದೀಯ. ಅವಳನ್ನು ಇವತ್ತೇ ಕರೆಸಿಕೋ. ಹೇಳಿದವಳು ನಾನು.

ಆ ‘ಮಿಸ್ಟರ್ ಬಿ’ ಇದ್ದಾನಲ್ಲ, ಅಮೆರಿಕನ್ ಫುಟ್‌ಬಾಲಿನ ಡ್ರಾಫ್ಟಿಗೆ ಮುಂಚೆ ಯಾವ ಕಾಲೇಜು ಹುಡುಗನನ್ನು ಯಾವ ಟೀಮು ಆರಿಸಿಕೊಳ್ಳುತ್ತದೆ ಎಂದು ಇಂಟರ್ನೆಟ್ಟಿನಲ್ಲಿ ಪಟ್ಟಿ ಹಾಕುವವನು, ಅವನೂ ನಾನೇ. ಬಿ ಎಂದರೆ ನಮ್ಮ ಯಜಮಾನರು, ಬದರೀನಾಥ. ಪಾಪ, ಅವರಿಗೆ ಫುಟ್‌ಬಾಲ್ ಎಂದರೆ ಸೋಫಾ ಮೇಲೆ ನಿದ್ದೆ ಹೊಡೆಯಲು ಒಂದು ನೆಪ. ಮೈಸೂರಿನ ಆಂಟಿ ಬರೆದಿದ್ದನ್ನು ಯಾರು ಓದುತ್ತಾರೆ ಎಂದು ಅವರ ಹೆಸರಿನ ಒಂದು ಅಕ್ಷರ ಹಾಕಿಕೊಂಡೆ. ನಿನ್ನೆ ನೀನು ‘ಆ ಮಿಸ್ಟರ್ ಬಿ ಕೈ ಸೇದಿಹೋಗ’ ಎಂದಾಗ ‘ಹೂಂ ಕಣೆ, ಹಾಳಾದವನು’ ಎಂದು ನಾನೂ ದನಿಗೂಡಿಸಿದೆ. ಫೋನಿಟ್ಟ ಮೇಲೆ ಈ ಕೈಯನ್ನೇ ನೋಡುತ್ತಾ ಕೂತಿದ್ದೆ.

ಇದು ಹೇಗೆ ಹತ್ತಿಕೊಂಡಿತು ಎನ್ನುತ್ತೀಯ? ನಮ್ಮ ದೊಡ್ಡಮ್ಮ ಮೈಸೂರಿನಲ್ಲಿ ನೆಂಟಸ್ತಿಕೆ ಕುದುರಿಸುವುದರಲ್ಲಿ ಎತ್ತಿದ ಕೈ. ಗಂಡಿನ ಮನೆಯವರು ಹೇಳಿದ್ದನ್ನು ಆಕೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಹೇಳದೆ ಕೇಳದೆ ಹೊತ್ತಲ್ಲದ ಹೊತ್ತಿನಲ್ಲಿ ಅವರ ಮನೆಗೆ ಹೋಗಿ, ಹುಡುಗ ಚಪ್ಪಲಿ ಹೇಗೆ ಬಿಡುತ್ತಾನೆ, ತಾಯಿ ಕರೆದರೆ ಹೇಗೆ ಓಗೊಡುತ್ತಾನೆ, ಮೆಟ್ಟಿಲು ಹೇಗೆ ಇಳಿಯುತ್ತಾನೆ ಎಂದು ನೋಡಿಕೊಂಡು ಬರುತ್ತಿದ್ದಳು. ಯಾವ ಮನೆಗೆ ಎಂಥವನು ಬೇಕು, ಎಂಥವನು ಸಿಗುತ್ತಾನೆ, ಅವನ ಕೊರತೆ ಏನು. ಡ್ರಾಫ್ಟ್ ಎಂದರೆ ಇಷ್ಟೇ ತಾನೆ! ಇಲ್ಲಿನ ಗಂಡಸರು ಓಟದ ವೇಗ, ತೂಕ ಎಂದು ಬರೆದುಕೊಂಡು ಕೂತಿರುವಾಗ ನಾನು ಹುಡುಗರ ಸಂದರ್ಶನ ನೋಡುತ್ತಾ, ತಾಯಿಯ ಕೈಯಿಂದ ಇವನು ಬ್ಯಾಗು ತೆಗೆದುಕೊಂಡನೇ ಇಲ್ಲವೇ ಎಂದು ನೋಡುತ್ತಿದ್ದೆ. ಮೇಲಿಂದ ಮೇಲೆ ಹೇಳಿದ್ದು ನಿಜವಾಯಿತು. ಓದುವವರು ಹೆಚ್ಚಾದರು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ನೋಮಾನನ ಆಟದ ವಿಡಿಯೋ ನೋಡಿ ಸೊಂಟದ ನೋವನ್ನು ಊಹಿಸಿದೆ ಎಂದು ಬರೆಯಬೇಕೆಂದಿದ್ದೆ. ಬರೆದೂ ಇದ್ದೆ, ಆ ಹಾಳೆ ಕಸದ ಬುಟ್ಟಿಯಲ್ಲಿದೆ. ನಿಜ ಇಷ್ಟು. ಮಾರ್ಚ್‌ನಲ್ಲಿ ಅವನು ಕಾಲೇಜಿನಿಂದ ನಿಮ್ಮ ಹಾಫ್‌ಮನ್ ಎಸ್ಟೇಟ್ಸಿಗೆ ಡ್ರೈವ್ ಮಾಡಿಕೊಂಡು ಹೋಗುವಾಗ ನಮ್ಮಲ್ಲಿ ಒಂದು ರಾತ್ರಿ ಉಳಿದನಲ್ಲ? ನೀವು ಕ್ಯಾಂಟನ್‌ನಲ್ಲಿ ನಮ್ಮ ಪಕ್ಕದಲ್ಲಿದ್ದಾಗ ಎರಡೂ ಮನೆಯ ಹಿತ್ತಿಲಲ್ಲಿ ಚೆಂಡು ಒದೆಯುವುದನ್ನು ಕಲಿತ ಹುಡುಗ, ಅಕ್ಕಿ ರೊಟ್ಟಿ ಎಂದರೆ ಪ್ರಾಣ. ಬೆಳಗ್ಗೆ ರೊಟ್ಟಿ ತಟ್ಟುತ್ತಾ ಮೇಲೆ ನೋಡಿದೆ. ಕಂಬಿ ಹಿಡಿದುಕೊಂಡು, ಪ್ರತಿ ಮೆಟ್ಟಿಲಿಗೂ ಎರಡು ಪಾದ ಊರಿ, ಮುದುಕರ ಹಾಗೆ ಇಳಿಯುತ್ತಿದ್ದ. ಒದೆಯುವುದು ಬಲಗಾಲಿನಲ್ಲಾದರೂ ಒದೆಯುವಾಗ ಮೈಭಾರ ಹೊರುವುದು ಎಡ ಸೊಂಟ. ಏನೋ ಇದು ಎಂದೆ. ‘ಇಟ್ಸ್ ನಥಿಂಗ್, ಆಂಟಿ’ ಎಂದ. ಆಮೇಲೆ ತಾನಾಗಿಯೇ, ಮನೆಯವರಿಗೆ ಮಾತ್ರ ಗೊತ್ತು, ಡಾಕ್ಟರು ವಾಸಿಯಾಗುತ್ತದೆ ಎಂದಿದ್ದಾರೆ, ‘ಪ್ಲೀಸ್ ಡೋಂಟ್ ಟೆಲ್ ಎನಿವನ್’ ಎಂದ. ನಾನು ಬಿಸಿನೀರಿನ ಚೀಲ ತಂದು ಸೊಂಟಕ್ಕಿಟ್ಟೆ. ಇನ್ನೊಂದು ರೊಟ್ಟಿ ಬಡಿಸಿದೆ. ಅವನ ಕಾರು ನಮ್ಮ ಬೀದಿ ದಾಟಿತೋ ಇಲ್ಲವೋ, ಕಂಪ್ಯೂಟರ್ ಮುಂದೆ ಕೂತೆ.

ಎಲ್ಲರೂ ಅವನು ಆರನೇ ಸುತ್ತಿನಲ್ಲಿ ಹೋಗುತ್ತಾನೆ ಎಂದಿದ್ದರು. ಏಳು ಸುತ್ತು ಮುಗಿದರೂ ಅವನನ್ನು ಯಾರೂ ಆರಿಸುವುದಿಲ್ಲ, ಎಡ ಸೊಂಟ ಸರಿಯಿಲ್ಲ, ಮೆಟ್ಟಿಲು ಇಳಿಯುವುದೂ ಕಷ್ಟ ಎಂದು ನಾನೊಬ್ಬಳೇ ಬರೆದೆ. ಇಂಥ ದೊಡ್ಡ ಟೀಮಿನವರು ನನ್ನ ಪಟ್ಟಿ ಓದುತ್ತಾರೆಯೇ ಎಂದು ನನಗೆ ನಾನೇ ಹೇಳಿಕೊಂಡೆ. ಶುಕ್ರವಾರ ಒಂದು ಟೀಮಿನವರು ಅವನಿಗೆ ಫೋನ್ ಮಾಡಿ, ಮನೆಯ ಮೆಟ್ಟಿಲು ಸಲೀಸಾಗಿ ಇಳಿಯುತ್ತೀಯಾ ಎಂದು ಕೇಳಿದರು ಎಂದೆಯಲ್ಲ, ಆಗ ಗೊತ್ತಾಯಿತು. ಓದಿದ್ದಾರೆ ಮುಸರ್ರತ್.

ಶನಿವಾರ ಡ್ರಾಫ್ಟಿನ ಕೊನೆಯ ದಿನ ನೋಡಲು ನಾನೂ ನಿಮ್ಮ ಮನೆಗೆ ಬಂದಿದ್ದೆ, ಅಲ್ಲಿ ನಡೆದದ್ದು ನಿನಗೆ ಗೊತ್ತಿರುವುದೇ. ನಿನ್ನ ಯಜಮಾನರು ಅಲೀಮ್ ಭಾಯಿ ಡೆವನ್ ಅವೆನ್ಯೂದ ಅಂಗಡಿ ಮುಚ್ಚಿ ಬಂದಿದ್ದರು. ನೀನು ಹಂಡೆಗಟ್ಟಲೆ ಬಿರಿಯಾನಿ ಮಾಡಿದ್ದೆ. ನೋಮಾನ್ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಟಿವಿಯನ್ನೂ ನೋಡದೆ ಕೂತಿದ್ದ. ಏಳನೇ ಸುತ್ತಿನ ಕೊನೆಯ ಹೆಸರು ಕೂಗಿದರು, ಅದು ಅವನದಲ್ಲ. ನಿನಗೆ ಗೊತ್ತಿಲ್ಲದ್ದು ಇದು: ಆ ಗಳಿಗೆಯಲ್ಲಿ ನನ್ನ ಮನಸ್ಸು ‘ಹೇಳಿರಲಿಲ್ಲವಾ!’ ಎಂದು ಕುಣಿಯಿತು. ಮಗುವಿನ ಹಾಗೆ ಎತ್ತಿ ಆಡಿಸಿದವನ ಮುಖ ಎದುರಿಗೇ ಇತ್ತು, ನನಗೆ ಖುಷಿಯಾಯಿತು. ಒಂದು ಕ್ಷಣ ಅಷ್ಟೇ ಎಂದು ಹೇಳಿದರೆ ಅದೂ ಸುಳ್ಳು. ಕೈಚೀಲದಲ್ಲಿ ಮೊಬೈಲು ಗುಂಯ್ಗುಡುತ್ತಿತ್ತು, ಮಿಸ್ಟರ್ ಬಿಗೆ ಶಹಬ್ಬಾಸ್ ಹೇಳುವವರು. ಬಚ್ಚಲಿಗೆ ಹೋಗಿ ಎಲ್ಲವನ್ನೂ ಓದಿ ಬಂದೆ. ಥೂ, ನನ್ನ ಜನ್ಮಕ್ಕಿಷ್ಟು.

ಈ ವಾರದ ಕೊನೆಗೆ ಬೇರೊಂದು ಟೀಮಿನವರು ಅವನನ್ನು ಆಟದ ಪರೀಕ್ಷೆಗೆ ಕರೆದಿದ್ದಾರೆ ಎಂದು ನಿನ್ನೆ ನೀನು ಹೇಳಿದೆ. ಉಳಿದಿರುವುದು ಅದೊಂದೇ ದಾರಿ. ಅಕ್ಕನ ಮೇಲೆ ಮುನಿಸಿಟ್ಟುಕೊಂಡು ಅವನು ಅಲ್ಲಿಗೆ ಹೋಗಬಾರದು ಕಣೆ. ಹಿತ್ತಿಲಲ್ಲಿ ಅವನು ಮೊದಲ ಸಲ ಒದ್ದಾಗ ಚೆಂಡನ್ನು ನೆಲದ ಮೇಲೆ ಬೆರಳಿನಲ್ಲಿ ನಿಲ್ಲಿಸಿ ಹಿಡಿದು ಕೂತವಳು ಹುದಾ. ಅವನು ಹೊರಡುವ ಮುಂಚೆ ಈ ಕಾಗದ ತಲುಪಲೆಂದು ಎಕ್ಸ್‌ಪ್ರೆಸ್ಸಿನಲ್ಲಿ ಕಳಿಸುತ್ತಿದ್ದೇನೆ. ಅವನಿಗೂ ಓದಲು ಕೊಡು. ಪಟ್ಟಿ ತೆಗೆದಿದ್ದೇನೆ, ಮಿಸ್ಟರ್ ಬಿ ಇನ್ನು ಬರೆಯುವುದಿಲ್ಲ. ಈಗ ತೆಗೆದದ್ದರಿಂದ ಯಾರಿಗೂ ಏನೂ ಬರಲಿಲ್ಲ, ಅದೂ ಗೊತ್ತು.

ಬೈಯಬೇಕೆನಿಸಿದರೆ ಫೋನ್ ಮಾಡು, ಎತ್ತುತ್ತೇನೆ. ಮಾಡದಿದ್ದರೂ ಅರ್ಥವಾಗುತ್ತದೆ.

ನೀನು ಬೇಡವೆನ್ನುವವರೆಗೂ ನಿನ್ನವಳೇ ಆದ,
ಪದ್ಮಜಾ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಹುದಾಗೆ ಎಲ್ಲ ಗೊತ್ತು. ಅವನು ಮಾರ್ಚ್‌ನಲ್ಲಿ ನಮ್ಮಲ್ಲಿ ಉಳಿದದ್ದು ಅವಳಿಗೆ ಗೊತ್ತಿತ್ತಲ್ಲ, ಮೆಟ್ಟಿಲಿನ ಮಾತು ಓದಿದ ಕೂಡಲೇ ಅದು ನಮ್ಮ ಮನೆಯ ಮೆಟ್ಟಿಲು ಎಂದು ಹೊಳೆದಿತ್ತು. ಡ್ರಾಫ್ಟಿನ ಹಿಂದಿನ ದಿನ ಫೋನ್ ಮಾಡಿ, ‘ಆಂಟಿ, ಪ್ಲೀಸ್, ಆ ಲೈನ್ ತೆಗೀರಿ, ನೀವು ಅಂತ ಅಮ್ಮಿಗೆ ಹೇಳಲ್ಲ’ ಎಂದಳು. ಆಯ್ತು ಮಗಳೇ ಎಂದೆ. ತೆಗೆಯಲಿಲ್ಲ. ಶನಿವಾರ ನೀವೆಲ್ಲ ಸೇರಿ ಅವಳನ್ನು ಬೈಯುವಾಗ ಅವಳು ಒಂದೇ ಒಂದು ಸಲ ನನ್ನ ಕಡೆ ನೋಡಿದಳು. ನಾನು ಖಾಲಿ ತಟ್ಟೆಗಳನ್ನು ಎತ್ತಿಕೊಂಡು ಅಡಿಗೆಮನೆಗೆ ಹೋದೆ.