ಜಾರಾ ಹಲಗೆಯ ಸ್ಟೂಲು

ಬ್ರಿಜ್‌ಟೌನ್, ಪಶ್ಚಿಮ ಆಸ್ಟ್ರೇಲಿಯಾ
ಮಾರ್ಚ್ 2, ಸೋಮವಾರ

ಪ್ರೀತಿಯ ಕೆರಿನ್,

ನಿನ್ನ ಕೆಮ್ಮು ಹೇಗಿದೆ? ಹೋಬಾರ್ಟ್‌ನಲ್ಲಿ ಆಗಲೇ ಬೆಳಗಿನ ಚಳಿ ಶುರುವಾಗಿದೆಯಂತೆ. ಎದೆ ಮುಚ್ಚಿಕೊಂಡು ಓಡಾಡು. ಇಲ್ಲಿ ಇನ್ನೂ ಬಿಸಿಲು. ಅಮ್ಮನ ಮಂಡಿ ವಾಸಿಯಾಗಿದೆ, ಕೋಲು ಬಿಟ್ಟಿದ್ದಾಳೆ. ಅಪ್ಪ ಕಾಗದ ಬರೆದನೆಂದು ಗಾಬರಿಯಾಗಬೇಡ. ನಮ್ಮ ಫೋನು ಅವಳ ಕುರ್ಚಿಯ ಪಕ್ಕದಲ್ಲೇ ಇದೆ; ಇದು ಅವಳೆದುರು ಆಡಲಾಗದ ಮಾತು.

ಹೋದ ವರ್ಷ ಬೋರಲು ಹಾಕಿದ ಬಕೆಟ್ಟಿನ ಮೇಲೆ ನಿಂತು ಸ್ವೀಟ್‌ಪೀ ಹೂಬಳ್ಳಿ ಕಟ್ಟುವಾಗ ಅವಳು ಬಿದ್ದಳಲ್ಲ, ಮಂಡಿಯ ಆಪರೇಷನ್ ಮುಗಿದದ್ದೇ ನಾನು ಅವಳಿಗೊಂದು ಮೆಟ್ಟಿಲ ಸ್ಟೂಲು ಮಾಡಲು ಕೂತೆ. ಕೆಲಸವೇನೋ ಸರಳ. ಕೆಳಗೊಂದು ಮೆಟ್ಟಿಲು, ಮೇಲೊಂದು. ಮೇಲಿನದಕ್ಕೆ ಕೀಲು ಹಾಕಿದರೆ ಅದೇ ಮುಚ್ಚಳ. ಒಳಗೆ ಕತ್ತರಿ, ಹುರಿ, ಕೈಗವಸು, ಬೀಜದ ಪೊಟ್ಟಣ ಇಡುವಷ್ಟು ಜಾಗ. ಪೈನ್ ಹಲಗೆ ತರಲು ಹೊರಟಿದ್ದೆ. ಊರಿನ ಗಂಡಸರೆಲ್ಲ ಸೇರಿ ಮರಗೆಲಸ ಮಾಡುವ ನಮ್ಮ ಶೆಡ್ಡಿನಲ್ಲಿ ಕ್ಲೆಮ್ ತಡೆದ. ಬದುಕಿಡೀ ಸಾಮಿಲ್ಲಿನಲ್ಲಿ ಕಳೆದವನು, ನಿನಗೆ ಗೊತ್ತಲ್ಲ. “ಲೋ ಲಿಂಡ್ಸೆ, ಪೈನಲ್ಲಿ ಮಾಡೋದು ಸೇಬಿನ ಪೆಟ್ಟಿಗೆ. ಹೆಂಡ್ತಿ ಹತ್ತೋ ಸ್ಟೂಲು ಜಾರಾ ಮರದ್ದೇ ಆಗ್ಬೇಕು ಕಣೋ. ಒಂದ್ ಸಲ ಬಿದ್ದಿದ್ದು ಸಾಲ್ದಾ ಅವಳಿಗೆ?” ನಮ್ಮ ಹಳೆಯ ವರಾಂಡದಿಂದ ಕಿತ್ತಿಟ್ಟ ಜಾರಾ ಹಲಗೆಗಳಿದ್ದವು. ಮೊಳೆಗೆ ಬಗ್ಗದ, ಕಲ್ಲಿನಂಥ ಮರ, ಒಂದೊಂದು ಸ್ಕ್ರೂಗೂ ಮೊದಲು ತೂತು ಕೊರೆದೆ. ಎರಡೂ ಬದಿಗೆ ಕೈ ತೂರಿಸಿ ಹಿಡಿಯಲು ಕಂಡಿ ಬಿಟ್ಟೆ, ಉಪ್ಪುಕಾಗದ ಹಾಕಿ ತಿಕ್ಕಿ ಅಗಸೆ ಎಣ್ಣೆ ಕುಡಿಸಿದೆ. ಕೆಂಪು ಹೊಳೆಯಿತು.

ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿ. ಕೂರುವ, ಹತ್ತುವ ಯಾವ ಸಾಮಾನೇ ಆಗಲಿ, ಎಲ್ಲರಿಗಿಂತ ದಪ್ಪಗಿರುವವನು ಅದರ ಮೇಲೆ ನಿಂತು ಚಹಾ ಕುಡಿದು ಮುಗಿಸಬೇಕು. ಆಮೇಲೇ ಅದು ಬಾಗಿಲು ದಾಟುವುದು. ಕ್ಲೆಮ್ ನಿಂತ, ಕುಡಿದ, ಇನ್ನೊಂದು ಕಪ್ ಕೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅನಂತರ ನಾವಿಬ್ಬರು ಎರಡು ಬದಿಗೆ ಹಿಡಿದು, ಮಾತಾಡುತ್ತ, ಅದನ್ನು ಗಾಡಿಗೆ ಹೇರಿದೆವು. ಹತ್ತಿ ನೋಡಿದ್ದಾಯಿತು. ಒಬ್ಬರೇ ಎತ್ತಿ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಅಮ್ಮ ಅದನ್ನು ಸವರಿ ನೋಡಿ, “ಇದನ್ನ ನನಗೆ ಮಾಡಿದ್ದೋ, ರೈಲ್ವೆ ಸ್ಟೇಷನ್‌ಗೋ?” ಅಂದಳು. ನಾನು ನಕ್ಕೆ. ನಿಂಬೆ ಗಿಡದ ಹತ್ತಿರ ಇಟ್ಟುಕೊಟ್ಟೆ.

ಬೇಸಿಗೆಯ ಹೊತ್ತಿಗೆ ಹೂದೋಟ ಸೊರಗತೊಡಗಿತು. ಡೇಲಿಯಾ ಒಣಗಿತು, ಬೇಲಿಯ ಕಡೆ ಕಳೆ ಎದ್ದಿತು. ವಯಸ್ಸಾಯಿತು, ಆಸೆ ತೀರಿತೇನೋ ಎಂದುಕೊಂಡೆ. ಮಾರ್ಚ್ 17ರ ಸಂತ ಪ್ಯಾಟ್ರಿಕ್ ಹಬ್ಬದೊಳಗೆ ಸ್ವೀಟ್‌ಪೀ ಬೀಜ ನೆಲಕ್ಕೆ ಬೀಳದ ವರ್ಷವೇ ನಮ್ಮ ಮನೆಯಲ್ಲಿರಲಿಲ್ಲ. ಈ ಸಲ ಕೇಳಿದರೆ, “ಬೇಡ ಬಿಡು, ಸಾಕಾಯ್ತು ನಂಗೆ” ಅಂದಳು. ನಿನ್ನ ಅಜ್ಜಿಯ ಕಾಲದಿಂದ ವರ್ಷವರ್ಷವೂ ಉಳಿಸಿಕೊಂಡು ಬಂದ ಬೀಜವನ್ನು ಚರ್ಚಿನ ಸಂತೆಗೆ ಒಯ್ದು ಬಂದಬಂದವರ ಕೈಗೆ ಹಂಚಿಬಿಟ್ಟಳು. ಅವಳ ಹೊರೆ ಇಳಿಸಿದೆನೆಂದುಕೊಂಡು ನಾನು ಪಕ್ಕದ ಮನೆಯ ಡಗ್‌ನನ್ನು ಕರೆಸಿ, ಬೇಲಿಯ ಪಕ್ಕದ ಬಳ್ಳಿಯ ತಂತಿ ಕೀಳಿಸಿ, ಆ ಪಾತಿಗೆಲ್ಲ ಹುಲ್ಲು ಬಿತ್ತಿಸಿದೆ. ಅವಳು ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡಿದಳು. “ಚೆನ್ನಾಗಿ ಕಾಣತ್ತೆ, ಡಗ್” ಅಂದಳು.

ಮೊನ್ನೆ ಹುಲ್ಲು ಕತ್ತರಿಸಲು ಹೋಗಿ ಸ್ಟೂಲನ್ನು ಸರಿಸಬೇಕಾಯಿತು. ನನ್ನ ಸೊಂಟವೇ ಹಿಡಿದುಕೊಂಡಿತು. ಅದರ ಕಾಲುಗಳು ಮಣ್ಣಿನಲ್ಲಿ ಎರಡು ಬೆರಳು ಹೂತಿದ್ದವು. ನಾನು ಇಟ್ಟ ದಿನದಿಂದ ಅದು ಅಲ್ಲಿಂದ ಕದಲಿಯೇ ಇರಲಿಲ್ಲ. ಉಸಿರು ತಿರುಗಿಸಿಕೊಳ್ಳಲು ಅದರ ಮೇಲೇ ಕೂತು ಕೈ ಚಾಚಿದೆ. ಕೈಗೆ ಸಿಗುವ ಪಾರ್ಸ್ಲಿ ಹಸಿರಾಗಿತ್ತು. ಟೊಮೇಟೊ ಸಾಲಿನ ಈ ತುದಿಗೆ ಆಸರೆ ಕಟ್ಟಿತ್ತು, ಆ ತುದಿ ನೆಲಕ್ಕೆ ಬಿದ್ದಿತ್ತು. ಗುಲಾಬಿಯ ಈ ಬದಿಯನ್ನು ಒಪ್ಪವಾಗಿ ಕತ್ತರಿಸಿದ್ದಳು, ಆ ಬದಿ ಕಾಡು ಬೆಳೆದಿತ್ತು.

ಕೂರಲು, ಹತ್ತಲು ಅವಳು ತೋಟದ ತುಂಬ ಒಯ್ಯುತ್ತಿದ್ದ ಬಕೆಟ್ಟನ್ನು ಕಸಿದು ಶೆಡ್ಡಿಗೆ ಹಾಕಿದವನೂ ನಾನೇ. ಬೇಲಿಯ ಪಕ್ಕ ಹುಲ್ಲು ಈಗ ಸೊಂಪಾಗಿ ಬಂದಿದೆ. ಆ ಬೀಜ ಯಾರ ಯಾರ ಮನೆ ಸೇರಿತೋ, ಇನ್ನು ಯಾರನ್ನೆಂದು ಕೇಳಲಿ? ಅಂಗಡಿಯ ಬೀಜವಾದರೂ ತಂದು ಹಬ್ಬದೊಳಗೆ ಬಿತ್ತೋಣವೆಂದರೆ, ಕಟ್ಟಿ ಬೆಳೆಸಲು ಅವಳು ಸ್ಟೂಲು ಎತ್ತಿಕೊಂಡು ಬೇಲಿಯವರೆಗೆ ಹೋಗಬೇಕಲ್ಲ.

ಮಕ್ಕಳಿಗೆ ನನ್ನ ಮುತ್ತು, ನಿನ್ನ ಗಂಡನನ್ನು ಕೇಳಿದೆನೆಂದು ಹೇಳು. ನೀವೆಲ್ಲ ತಣ್ಣಗಿರಿ.

ನಿನ್ನ ಅಪ್ಪ,
ಲಿಂಡ್ಸೆ

ಮತ್ತೆ ಬರೆದದ್ದು: ಅಂಚೆ ಹೋಗುವ ಹೊತ್ತಾಯಿತು. ಹೊಸ ಸ್ಟೂಲಿಗೆ ತೆಳು ಪೈನ್ ಹಲಗೆ ತಂದಿಟ್ಟಿದ್ದೇನೆ, ಇನ್ನೂ ಕೊಯ್ದಿಲ್ಲ. ಭಾನುವಾರ ನೀನು ಫೋನ್ ಮಾಡಿದಾಗ, ಮಾತಿನ ನಡುವೆ ತಾನಾಗಿ ಬಂತೆನ್ನುವಂತೆ ಅಮ್ಮನನ್ನು ಕೇಳು: ಈಗ ಅವಳು ಒಂದೇ ಕೈಯಲ್ಲಿ ಎತ್ತುವುದು ತುಂಬಿದ ನೀರಿನ ಕ್ಯಾನನ್ನೋ, ಅರ್ಧ ಕ್ಯಾನನ್ನೋ? ನಾನು ಕೇಳಿದರೆ ತುಂಬಿದ್ದು ಅಂತಲೇ ಹೇಳುತ್ತಾಳೆ.