ಹಕ್ಕಲು ಆಯುವ ಅವ್ವ

ಕೊಚ್ಚಿ

ಗಂಗಕ್ಕಾ, ನಿನ್ನ ಕಾಲಿಗೆ ಬಿದ್ದೆ ಎಂದು ತಿಳಿ.

ಅವ್ವ ತೀರಿದ ವರ್ಷದ ಪೂಜೆಗೆ ಫೋಟೋ ಬೇಕೆಂದು ಬಂದೆನಲ್ಲ, ಇಲ್ಲಿಯ ಫೋಟೋ ಪ್ರದರ್ಶನದಲ್ಲಿ ಅವ್ವನದು ಗೋಡೆಯಷ್ಟು ದೊಡ್ಡದಿದೆ. ಕೊಯ್ಲಾದ ಹೊಲದಲ್ಲಿ ಮೂವರು ಹೆಂಗಸರು ಉದುರಿದ ತೆನೆಗಳ ಹಕ್ಕಲು ಆಯುವ ಹಳೆಯ ಫ್ರೆಂಚ್ ಚಿತ್ರವೊಂದಿದೆಯಂತೆ. ಫೋಟೋ ತೆಗೆಯುವ ಹೇಮಾ ಮೇಡಂ ನಮ್ಮ ಕರೂರಿನ ಗದ್ದೆಯಲ್ಲಿ ತೆಗೆದದ್ದು ಅದರಂತೆಯೇ. ಅವ್ವನೂ ಸೇರಿ ಮೂವರೂ ಬಗ್ಗಿದ್ದಾರೆ. ಜನವೆಲ್ಲ ಹೊಗಳುವುದು ಅವ್ವನ ಬೆನ್ನು, ನನಗೆ ಕಾಣಲಿಲ್ಲ ಕಣ್ಣು.

ಮುಖ ಇರುವುದೊಂದು ಕೊಡಿ ಎಂದು ಮೇಡಂಗೆ ಕೇಳಿದೆ.

“ತಲಿ ಎತ್ರಿ ಅಂತ ಭಾಳ ಸಲ ಅಂದೆ. ‘ಬಗ್ಗಿದ ಮ್ಯಾಲ ಖಾಲಿ ಕೈಲೆ ಏಳಬಾರದವ್ವಾ’ ಅಂದ್ರು. ಕೈ ತುಂಬೋದ್ರಾಗ ಹೊತ್ತು ಮುಳುಗಿತ್ರಿ,” ಎಂದರು.

ನಾನು ಆರಾಮ. ಇಲ್ಲಿ ಅನ್ನ ದಪ್ಪ, ಸಾರು ಸಪ್ಪ. ಅದೇ ಫೋಟೋದ ಸಣ್ಣ ಪ್ರತಿ ತರುತ್ತಿದ್ದೇನೆ. ಹಣೆ ಕಾಣುವುದಿಲ್ಲ. ಕುಂಕುಮ ಎಲ್ಲಿ ಹಚ್ಚಬೇಕು, ಹಿರಿಯಳು ನೀನೇ ಹೇಳು.

ಹನುಮೇಶ