ನಾಲ್ಕನೇ ಭಾಗ

ಅಪ್ಪಾ,

ಇವತ್ತು ನಿನ್ನ ಪುಸ್ತಕಗಳನ್ನು ಮಾರಲು ಜಿಂಬೋಚೊದ ಪುಸ್ತಕದ ಬೀದಿಗೆ ಹೋಗಿದ್ದೆ. ಸಿಟ್ಟಾಗಬೇಡ, ಮನೆಯಲ್ಲಿ ಜಾಗವಿಲ್ಲ. ಹಳೇ ಪುಸ್ತಕದಂಗಡಿಯ ಹನಾವಾ ಒಂದೊಂದರ ಕಾಗದದ ಹೊದಿಕೆಯನ್ನೂ ಬಿಚ್ಚಿ ನೋಡುತ್ತಿದ್ದರು. ಮಹಾಕಾವ್ಯ ಎಂದು ಹೇಳಿ ನೀನು ರೈಲಿನಲ್ಲಿ ಓದುತ್ತಿದ್ದೆಯಲ್ಲ, ಅದನ್ನು ಬಿಚ್ಚಿದರೆ ಒಳಗೆ ಡ್ರ್ಯಾಗನ್! ನಾನು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದ ಕಾದಂಬರಿಯ ಮೊದಲ ಮೂರು ಭಾಗಗಳು. "ಓತಿಕ್ಯಾತಕ್ಕೆ ರೆಕ್ಕೆ ಅಂಟಿಸಿದ್ರೆ ಸಾಹಿತ್ಯ ಆಗುತ್ತೇನೇ ಮಿಸುಜು?" ಎಂದು ಊಟಕ್ಕೆ ಕೂತಾಗಲೆಲ್ಲ ಹಂಗಿಸುತ್ತಿದ್ದವನು ನೀನೇ ತಾನೆ?

ಹನಾವಾ ನಕ್ಕುಬಿಟ್ಟರು. "ಅಂಗಡಿ ಹೊರಗೆ ನೂರು ಯೆನ್‌ಗೊಂದು ಅಂತ ಇಟ್ಟಿರೋ ಡಬ್ಬದಲ್ಲಿ ನಿಮ್ಮಪ್ಪ ಹುಡುಕಿ ತಗೊಂಡಿದ್ದು ಕಣಮ್ಮ. 'ಕವರ್ ಹಾಕ್ಕೊಡಿ, ಮಗಳು ನೋಡಿದ್ರೆ ನನ್ನ ಮಾನ ಹೋಗುತ್ತೆ' ಅನ್ನೋರು."

ಕಳ್ಳ! ನಿನ್ನ ಮಹಾಕಾವ್ಯಗಳನ್ನು 'ಮುನ್ನೂರು ಪುಟದ ನಿಟ್ಟುಸಿರು' ಎಂದು ನಾನೂ ಕಡಿಮೆ ಆಡಿಕೊಂಡಿಲ್ಲ ಬಿಡು.

"ನಾಲ್ಕನೇ ಭಾಗ ಬಂತಾ ಅಂತ ಪ್ರತಿ ಶನಿವಾರ ಕೇಳೋರು" ಎಂದರು ಹನಾವಾ. "ಆಸ್ಪತ್ರೆಗೆ ಸೇರೋ ಹಿಂದಿನ ವಾರಾನೂ ಬಂದಿದ್ರು. 'ಆ ಡ್ರ್ಯಾಗನ್ ಬದುಕುತ್ತೋ ಇಲ್ವೋ, ಅಷ್ಟು ಗೊತ್ತಾದ್ರೆ ಸಾಕು' ಅಂದ್ರು. ಡಬ್ಬಕ್ಕೆ ಅದು ಬರಲೇ ಇಲ್ಲ."

ನೂರು ಯೆನ್ ದಾಟಿ ಪುಸ್ತಕ ಕೊಂಡವನಲ್ಲ ನೀನು. ನಾನು ಹೊಸದನ್ನೇ ಕೊಂಡಿದ್ದೆ. ನಾಲ್ಕನೆಯದು ನನ್ನ ಕೋಣೆಯಲ್ಲೇ ಇತ್ತು. ಆಸ್ಪತ್ರೆಯಲ್ಲಿ ದಿನವೂ ಪಕ್ಕದಲ್ಲಿ ಕೂತು ನಿನಗೆ ಪೇಪರ್ ಓದಿ ಹೇಳಿದೆ, ಹವಾಮಾನದ ಸುದ್ದಿಯನ್ನೂ ಬಿಡದೆ.

ಆ ಮೂರನ್ನು ಮಾರದೆ, ಹೊದಿಕೆ ಹಾಕಿಸಿಕೊಂಡು ವಾಪಸ್ ತಂದೆ. ನಾಲ್ಕನೆಯದನ್ನು ಅವುಗಳ ಪಕ್ಕ ಇಟ್ಟಿದ್ದೇನೆ.

ಬದುಕುತ್ತೆ, ಅಪ್ಪಾ. ರೆಕ್ಕೆ ಸುಟ್ಟಿರುತ್ತೆ, ಆದರೂ ಬದುಕುತ್ತೆ.